ಮೈಕಿನ ಸ್ವಿಚ್ಚು ಆರಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಊರಿನ ರೇಡಿಯೋದಲ್ಲಿ ಇಪ್ಪತ್ತು ಮೂವತ್ತು ವರ್ಷ ಹಾಡು ಹಾಕಿದ ಮನುಷ್ಯ ತೀರಿಕೊಂಡಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಆ ದನಿ ಇನ್ನೂ ಕಿವಿಯಲ್ಲಿದೆ ಅಂತ. ಕಿವಿಯಲ್ಲಿರುವುದೇನೋ ನಿಜ. ನಿಲಯದಲ್ಲಿ ಎಷ್ಟಿದೆ ಅಂತ ಹುಡುಕಿದರೆ ಎದೆ ಧಸಕ್ಕೆನ್ನುತ್ತದೆ. ಅವರು ಹಾಕಿದ ಹಾಡುಗಳೆಲ್ಲ ಕಪಾಟಿನಲ್ಲಿ ಭದ್ರವಾಗಿವೆ. ಹಾಡು ಹಾಡಿನ ನಡುವೆ ಅವರು ಆಡಿದ ಮಾತು ಎಲ್ಲೂ ಇಲ್ಲ. ಡಿಸ್ಕ್ ಜಾಕಿಯ ಕಸುಬೆಲ್ಲ ಇದ್ದದ್ದು ಆ ನಡುವಿನಲ್ಲೇ, ಆದರೆ ಬೆಳಿಗ್ಗೆ ನೇರ ಪ್ರಸಾರದಲ್ಲಿ ಆಡಿದ ಮಾತನ್ನು ಎತ್ತಿಡಬೇಕು ಅಂತ ಆಗ ಯಾರಿಗೂ ಅನಿಸಿರಲಿಲ್ಲ. ಆ ಮಾತನ್ನು ಹುಡುಕಿ, ಉಳಿಸಿ, ಅದರಿಂದ ಒಂದು ಗಂಟೆಯ ನೆನಪಿನ ಕಾರ್ಯಕ್ರಮ ಕಟ್ಟುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಸುದ್ದಿ ಬಂದ ದಿನವೇ, ಸಂತಾಪದ ಸಾಲು ಬರೆಯುವುದಕ್ಕೂ ಮುಂಚೆ, ಲಾಗರ್ ಹತ್ತಿರ ಹೋಗಬೇಕು. ಪ್ರಸಾರವಾದದ್ದನ್ನೆಲ್ಲ ಹಗಲೂ ರಾತ್ರಿ ಮುದ್ರಿಸಿಕೊಳ್ಳುವ ಯಂತ್ರ ಅದು, ದೂರು ಗೀರು ಬಂದರೆ ಸಾಕ್ಷಿಗೆ ಇರಲಿ ಅಂತ. ಬ್ರಿಟನ್ನಿನ ನಿಯಮದಲ್ಲಿ 42 ದಿನ ಇಟ್ಟರೆ ಸಾಕು, ಬೇರೆ ದೇಶಗಳಲ್ಲಿ ಬೇರೆ ಲೆಕ್ಕ. ಅವಧಿ ಮುಗಿಯುತ್ತಿದ್ದಂತೆ ಹಳೆಯದರ ಮೇಲೆ ಹೊಸದು ತಾನಾಗಿಯೇ ಕೂರುತ್ತದೆ. ಕಾಯಿಲೆಯಿಂದ ಒಂದು ತಿಂಗಳು ರಜೆಯಲ್ಲಿದ್ದು ಹೋದವರ ಕಡೆಯ ಕಾರ್ಯಕ್ರಮಕ್ಕೆ ಈ ಲೆಕ್ಕದಲ್ಲಿ ಉಳಿದಿರುವ ಆಯುಸ್ಸು 12 ದಿನ. ಅಳಿಸುವ ಆಜ್ಞೆಯನ್ನು ಅವತ್ತೇ ನಿಲ್ಲಿಸಿ, ಆ ಫೈಲುಗಳನ್ನು ಬೇರೆ ಎರಡು ಡಿಸ್ಕಿಗೆ ನಕಲು ಮಾಡಿಡಬೇಕು. ಲಾಗರಿನ ಗುಣಮಟ್ಟ ಅಷ್ಟಕ್ಕಷ್ಟೆ. ಆದರೆ ಕಡೆಯ ಬೆಳಗಿನ ಮಾತು ಬೇರೆಲ್ಲೂ ಇಲ್ಲದಿದ್ದಾಗ ಗುಣಮಟ್ಟದ ಪ್ರಶ್ನೆ ಎತ್ತುವವರಾರು?

ಆಮೇಲೆ ಪ್ರಸಾರದ ಕಂಪ್ಯೂಟರು. ಮುಂಚೆಯೇ ಮುದ್ರಿಸಿಟ್ಟ ಮಾತು, ನಿಲಯದ ಹೆಸರು ಹೇಳುವ ತುಣುಕು, ಜಾಹೀರಾತು, ಪ್ರಾಯೋಜಕರ ಸಾಲು, ಫೋನಿನಲ್ಲಿ ದಯವಿಟ್ಟು ಕಾಯಿರಿ ಅನ್ನುವ ದನಿ, ಹೀಗೆ ಅವರ ಧ್ವನಿ ಹತ್ತು ಕಡೆ ಅಡಗಿರುತ್ತದೆ. ಹಗಲಿನ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ, ನಡುರಾತ್ರಿ ತಾನಾಗಿ ಓಡುವ ಪಟ್ಟಿಯನ್ನು ಮರೆಯುತ್ತಾರೆ. ಸಾವಿನ ಮಾರನೆಯ ನಸುಕಿನಲ್ಲಿ ಅದೇ ದನಿ ಉಲ್ಲಾಸದಿಂದ ನಾಳೆ ಸಿಗೋಣ ಅಂತ ಹೇಳಿಬಿಟ್ಟರೆ ಮನೆಯವರ ಗತಿ ಏನು? ಫೈಲುಗಳನ್ನು ಅಳಿಸಬಾರದು. ಪಟ್ಟಿಯಿಂದ ತೆಗೆದು ಬೇರೆ ಕಡೆ ಇಟ್ಟರೆ ಸಾಕು, ಮುಂದೆ ಬೇಕಾಗುತ್ತವೆ.

ಮೌನಾಚರಣೆಯ ಬಗ್ಗೆಯೂ ಒಂದು ಎಚ್ಚರಿಕೆ. ರೇಡಿಯೋದಲ್ಲಿ ಎರಡು ನಿಮಿಷ ಮೌನ ಅಂತ ತೀರ್ಮಾನ ಮಾಡುವುದು ಸುಲಭ. ಆದರೆ ಪ್ರಸಾರದ ದಾರಿಯಲ್ಲಿ ಸೈಲೆನ್ಸ್ ಡಿಟೆಕ್ಟರ್ ಅನ್ನುವ ಕಾವಲುಗಾರನೊಬ್ಬ ಕೂತಿರುತ್ತಾನೆ. ಸಾಮಾನ್ಯವಾಗಿ 20, 30 ಸೆಕೆಂಡು ಸದ್ದಿಲ್ಲದಿದ್ದರೆ ಸ್ಟುಡಿಯೋ ಕೆಟ್ಟಿದೆ ಅಂತ ತಿಳಿದು ತುರ್ತು ಸಂಗೀತ ಶುರು ಮಾಡುತ್ತಾನೆ. ಶ್ರದ್ಧಾಂಜಲಿಯ ನಟ್ಟನಡುವೆ ಕುಣಿತದ ಹಾಡು! ಇಂಜಿನಿಯರಿಗೆ ಮೊದಲೇ ಹೇಳಿ ಅದನ್ನು ನಿಲ್ಲಿಸಿರಬೇಕು. ಇನ್ನೊಂದು ತೊಂದರೆ, ಪ್ರಸಾರದ ಪ್ರೊಸೆಸರ್ ಸಣ್ಣ ಸದ್ದನ್ನು ಎತ್ತಿ ಎತ್ತಿ ದೊಡ್ಡದು ಮಾಡುತ್ತದೆ. ಮೈಕು ತೆರೆದಿಟ್ಟು ಸುಮ್ಮನೆ ಕೂತರೆ ಅರ್ಧ ನಿಮಿಷದಲ್ಲಿ ಫ್ಯಾನಿನ ಸದ್ದು ಗಾಳಿಮಳೆಯ ಹಾಗೆ ಕೇಳಿಸತೊಡಗುತ್ತದೆ. ಹದಿನೈದು ಸೆಕೆಂಡಿನ ಮೌನ ಸಾಕು, ಅಷ್ಟೇ ರೇಡಿಯೋದಲ್ಲಿ ಬಹಳ ಉದ್ದ.

ಇನ್ನು ಕಸುಬಿನ ಮಾತು. ಪ್ರಸಾರದಲ್ಲಿ ತಟ್ಟೆ, ಅಂದರೆ ಗ್ರಾಮಫೋನ್ ರೆಕಾರ್ಡು, ಹಾಕಿ ಮಾತಾಡುವ ಕೆಲಸಕ್ಕೆ ಸುಮಾರು ನೂರು ವರ್ಷ. ಬಿಬಿಸಿಯಲ್ಲಿ ಕ್ರಿಸ್ಟೋಫರ್ ಸ್ಟೋನ್ ಶುರು ಮಾಡಿದ್ದು 1927ರ ಜುಲೈ 7ರಂದು. ನ್ಯೂಯಾರ್ಕಿನಲ್ಲಿ ಮಾರ್ಟಿನ್ ಬ್ಲಾಕ್ 1935ರಲ್ಲಿ ಒಂದು ದೊಡ್ಡ ಮೊಕದ್ದಮೆಯ ಸುದ್ದಿಗಳ ನಡುವಿನ ಖಾಲಿ ಸಮಯ ತುಂಬಲು ತಟ್ಟೆ ಹಾಕುತ್ತಾ ಹೆಸರಾದರು. ಖಾಲಿ ಜಾಗ ತುಂಬಲು ಹುಟ್ಟಿದ ಕೆಲಸ ಇದು. ಅದು ಕಲೆಯಾದದ್ದು ಹೇಗೆ ಅಂತ ತಿಳಿಯಲು ಒಂದೇ ಒಂದು ಹಾಡಿನ ಆರಂಭವನ್ನು ಹತ್ತಿರದಿಂದ ನೋಡೋಣ.

ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡು. ಮುಳ್ಳನ್ನು ಗೆರೆಯ ಮೇಲಿಟ್ಟು ಬೆರಳಿಂದ ತಟ್ಟೆ ತಿರುಗಿಸುತ್ತಾ ಹೆಡ್‌ಫೋನಿನಲ್ಲಿ ಮೊದಲ ಸ್ವರ ಹಿಡಿಯಬೇಕು. ಸಿಕ್ಕಮೇಲೆ ಕಾಲು ಸುತ್ತು ಹಿಂದಕ್ಕೆ. ಯಾಕೆಂದರೆ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಂಥ ಒಳ್ಳೆಯ ಯಂತ್ರಕ್ಕೂ ಪೂರ್ತಿ ವೇಗ ಹಿಡಿಯಲು ಸುಮಾರು 0.7 ಸೆಕೆಂಡು ಬೇಕು. ಹಿಂದಕ್ಕೆ ತಿರುಗಿಸದೆ ಬಿಟ್ಟರೆ ಹಾಡು ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ರಾಗ ಎಳೆಯುತ್ತಾ ಬರುತ್ತದೆ. ಅತಿಯಾಗಿ ತಿರುಗಿಸಿದರೆ ಖಾಲಿ ಗಾಳಿ. ತಟ್ಟೆಯ ಲಕೋಟೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ 14 ಅಂತ ಬರೆದಿರುತ್ತದೆ. ಪಲ್ಲವಿ ಎತ್ತುವ ಮುಂಚೆ 14 ಸೆಕೆಂಡು ವಾದ್ಯ ಇದೆ ಅಂತ ಅರ್ಥ. ಸೆಕೆಂಡಿಗೆ ಎರಡು ಪದದ ಲೆಕ್ಕದಲ್ಲಿ ಇಪ್ಪತ್ತೆಂಟು ಪದ. ಅನುಭವಸ್ಥರು ಇಪ್ಪತ್ತೇಳಕ್ಕೇ ನಿಲ್ಲಿಸಿ ಒಂದು ಉಸಿರಿನ ಜಾಗ ಬಿಡುತ್ತಾರೆ, ಗಾಯಕ ಆ ಜಾಗಕ್ಕೆ ಬಂದು ಕೂರುತ್ತಾನೆ. ಈ ಒಂದು ಉಸಿರೇ ಅವರ ಸಹಿ. ಕೆಲವರು ಅದನ್ನು ಕಾಲು ಸೆಕೆಂಡು ಬಿಡುತ್ತಿದ್ದರು, ಕೆಲವರು ಮುಕ್ಕಾಲು. ಯಾರು ಅಂತ ಹೆಸರು ಹೇಳದಿದ್ದರೂ ಕೇಳುಗರು ಗುರುತು ಹಿಡಿಯುತ್ತಿದ್ದದ್ದು ಇದರಿಂದಲೇ.

ಹಾಗಾದರೆ ಈ ಉಸಿರು ಎಲ್ಲಿ ಸಿಗುತ್ತದೆ? ಹಲವು ನಿಲಯಗಳಲ್ಲಿ ಮೈಕಿನ ಸ್ವಿಚ್ಚಿಗೆ ಒಂದು ಕ್ಯಾಸೆಟ್ ರೆಕಾರ್ಡರ್ ಜೋಡಿಸಿರುತ್ತಿದ್ದರು. ಮೈಕು ಹಾಕಿದಾಗ ಅದು ಓಡುತ್ತದೆ, ಆರಿಸಿದಾಗ ನಿಲ್ಲುತ್ತದೆ. ನಾಲ್ಕು ಗಂಟೆಯ ಕಾರ್ಯಕ್ರಮ ಇಪ್ಪತ್ತು ಮೂವತ್ತು ನಿಮಿಷಕ್ಕೆ ಇಳಿಯುತ್ತದೆ. ಉದ್ಘೋಷಕರು ಬೇರೆ ನಿಲಯಕ್ಕೆ ಅರ್ಜಿ ಹಾಕುವಾಗ ಕಳಿಸುತ್ತಿದ್ದದ್ದು ಇದನ್ನೇ. ಹೀಗಾಗಿ ಇವು ನಿಲಯಕ್ಕಿಂತ ಹೆಚ್ಚಾಗಿ ಅವರ ಮನೆಯ ಅಟ್ಟದಲ್ಲಿ ಸಿಗುತ್ತವೆ. ಇನ್ನುಳಿದದ್ದು ಕೇಳುಗರ ಹತ್ತಿರ. ಬಿಬಿಸಿಯ ಡಿಸ್ಕ್ ಜಾಕಿ ಜಾನ್ ಪೀಲ್ 2004ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಅವರ ಹಳೆಯ ಕಾರ್ಯಕ್ರಮಗಳಲ್ಲಿ ಎಷ್ಟೋ ಭಾಗ ಹೊರಬಂದದ್ದು ಕೇಳುಗರು ಮನೆಯಲ್ಲಿ ಮುದ್ರಿಸಿಟ್ಟಿದ್ದ ಕ್ಯಾಸೆಟ್ಟುಗಳಿಂದ.

ನಿಮ್ಮ ಮನೆಯಲ್ಲೂ ಅಂಥ ಕ್ಯಾಸೆಟ್ ಇದ್ದರೆ, ದಯವಿಟ್ಟು ಅದನ್ನು ಹಾಕಿ ಫೋನಿನಲ್ಲಿ ಮುದ್ರಿಸಿ ಕಳಿಸಬೇಡಿ. ಕ್ಯಾಸೆಟ್ಟನ್ನೇ ಕೊಡಿ. ಮೊದಲು ಬೆನ್ನಿನ ಮೇಲಿನ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ತಪ್ಪಿ ಕೂಡ ಅದರ ಮೇಲೆ ಬೇರೇನೂ ಮುದ್ರಣವಾಗದು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಹೇಗೂ ಕೇಳಿಯೇ ಬಿಡೋಣ ಅಂತ ಹಳೆಯ ಪ್ಲೇಯರಿಗೆ ಹಾಕಬೇಡಿ. ಕ್ಯಾಸೆಟ್ಟಿನೊಳಗೆ ಟೇಪನ್ನು ಪ್ಲೇಯರಿನ ಹೆಡ್ಡಿಗೆ, ಅಂದರೆ ದನಿ ಓದುವ ಭಾಗಕ್ಕೆ, ಒತ್ತುವ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಮೆತ್ತೆ ಇರುತ್ತದೆ, ಅದರ ಅಂಟು ಒಣಗಿ ಬಿದ್ದುಹೋಗಿರುತ್ತದೆ. ಆಗ ದನಿ ಕಂಬಳಿ ಹೊದ್ದಂತಾಗುತ್ತದೆ, ಟೇಪು ಹಾಳಾಯಿತು ಅಂತ ಜನ ಎಸೆಯುತ್ತಾರೆ. ಮೆತ್ತೆ ಬದಲಿಸಿದರೆ ಹತ್ತು ನಿಮಿಷದ ಕೆಲಸ. 120 ನಿಮಿಷದ ಕ್ಯಾಸೆಟ್ಟಾದರೆ ಇನ್ನೂ ಹುಷಾರು. ಅದರ ಟೇಪು ಬರೀ 9 ಮೈಕ್ರಾನ್ ದಪ್ಪ, ಜೋರಾಗಿ ಸುತ್ತಿದರೆ ಎಳೆದುಕೊಂಡು ಹೋಗುತ್ತದೆ, ಎಳೆದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ.

ನಿಲಯದ ಕಾಲಿಂಚು ಅಗಲದ ಟೇಪಿನ ಸ್ಪೂಲುಗಳದು ಬೇರೆ ರೋಗ. 1970ರಿಂದ ಈಚಿನ, ಬೆನ್ನಿಗೆ ಕಪ್ಪು ಲೇಪ ಇರುವ ಕೆಲವು ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಆಂಪೆಕ್ಸ್ 456 ಅನ್ನುವ ಟೇಪು ಇದಕ್ಕೆ ಕುಖ್ಯಾತ. ಓಡಿಸಿದರೆ ಕಿರ್ರೆನ್ನುತ್ತದೆ, ಹೆಡ್ಡಿನ ಮೇಲೆ ಕಂದು ಪುಡಿ ಉದುರುತ್ತದೆ. ಆ ಪುಡಿಯೇ ದನಿ, ಆದ್ದರಿಂದ ಕೂಡಲೇ ನಿಲ್ಲಿಸಬೇಕು. ಚಿಕಿತ್ಸೆ ಅಂದರೆ ಕಾಯಿಸುವುದು. ಉಷ್ಣತೆ ಏರುಪೇರಾಗದ ಪೆಟ್ಟಿಗೆಯಲ್ಲಿ 50ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆಯಾದರೂ ಇಟ್ಟು, ನಡುವೆ ಒಮ್ಮೆ ಮಗುಚಿ, ಅಷ್ಟೇ ಹೊತ್ತು ತಣಿಯಲು ಬಿಟ್ಟು, ಆಮೇಲೆ ಓಡಿಸಬೇಕು. ಅಡುಗೆಮನೆಯ ಓವನ್ ಬೇಡ, ಅದರ ಬಿಸಿ ಹತ್ತು ಹದಿನೈದು ಡಿಗ್ರಿ ಮೇಲೆ ಕೆಳಗೆ ಆಡುತ್ತದೆ. ಕಾಯಿಸಿದ ಗುಣ ಕೆಲವು ವಾರ ಮಾತ್ರ ಇರುತ್ತದೆ, ಅಷ್ಟರಲ್ಲಿ ಡಬ್ ಮಾಡಿ, ಅಂದರೆ ಕಂಪ್ಯೂಟರಿಗೆ ನಕಲು ಮಾಡಿ, ಮುಗಿಸಬೇಕು. ಅದಕ್ಕೂ ಹಳೆಯ ಅಸಿಟೇಟ್ ಟೇಪನ್ನು ಮಾತ್ರ ಯಾವ ಕಾರಣಕ್ಕೂ ಕಾಯಿಸಬಾರದು. ಸ್ಪೂಲನ್ನು ದೀಪಕ್ಕೆ ಹಿಡಿದರೆ ಸುತ್ತುಗಳ ಮೂಲಕ ಬೆಳಕು ಹಾಯುತ್ತದೆ, ಕೆಟ್ಟಿದ್ದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಅಸಿಟೇಟ್.

ಡಬ್ ಮಾಡುವುದು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ವೇವ್ ಫೈಲಾಗಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆ ಬೇರೆ, ಯಾಕೆಂದರೆ ಅದನ್ನು ಮುದ್ರಿಸಿದ ಯಂತ್ರ ಬೇರೆ. ಮೋನೋದಲ್ಲಿ ಕೇಳುತ್ತಾ ಹೆಡ್ಡಿನ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ, ಒಂದು ಜಾಗದಲ್ಲಿ ಸ, ಶ ಅಕ್ಷರಗಳು ತಟ್ಟನೆ ತಿಳಿಯಾಗುತ್ತವೆ. ಅಲ್ಲಿ ಬಿಡಬೇಕು. ಇದನ್ನು ಮಾಡದೆ ಮುದ್ರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡೋಣ ಅನ್ನುವವರು ಕೈಲಿದ್ದದ್ದನ್ನು ಚೆಲ್ಲಿ ಆಮೇಲೆ ಬಳಿಯಲು ಕೂರುತ್ತಾರೆ.

ವೇಗ ಇನ್ನೂ ಮುಖ್ಯ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ಮನೆಯ ಯಂತ್ರಗಳು ಅದರಂತೆ ಓಡುವುದು ಅಪರೂಪ. ಸುಮಾರು ಶೇಕಡಾ 6 ಹೆಚ್ಚಾದರೆ ದನಿ ಅರ್ಧ ಸ್ವರ ಏರುತ್ತದೆ. ಹೊರಗಿನವರಿಗೆ ಅದು ಗೊತ್ತೇ ಆಗದು, ಆದರೆ ಇಪ್ಪತ್ತು ವರ್ಷ ಕೇಳಿದವರು ಇದು ಅವರ ದನಿಯೇ ಹೌದಾ ಅಂತ ಹುಬ್ಬು ಗಂಟಿಕ್ಕುತ್ತಾರೆ. ಸರಿಪಡಿಸಲು ಅಳತೆಗೋಲು ಟೇಪಿನೊಳಗೇ ಇರುತ್ತದೆ. ಗಂಟೆ ಸೂಚಿಸುವ ಪಿಪ್ ಸದ್ದು ಸಿಕ್ಕಿದರೆ ಅದೃಷ್ಟ, ಬಿಬಿಸಿಯ ಪಿಪ್ ಕರಾರುವಾಕ್ಕಾಗಿ 1000 ಹರ್ಟ್ಸ್. ಅದು 1030 ತೋರಿಸಿದರೆ ಟೇಪು ಶೇಕಡಾ 3 ಜೋರು. ಪಿಪ್ ಇಲ್ಲದಿದ್ದರೆ, ಮುದ್ರಿಸುವಾಗಲೇ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಗುಡುವಿಕೆ ಇದೆ, ಅದು 50 ಅಥವಾ 60 ಹರ್ಟ್ಸ್ ಇರಬೇಕು. ಯಾವ ಸದ್ದನ್ನು ತೆಗೆಯಲು ಎಲ್ಲರೂ ಹೆಣಗುತ್ತಾರೋ ಅದೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ವೇಗ ಅಳೆದು ಮುಗಿಯುವ ತನಕ ಅದನ್ನು ಮುಟ್ಟಬೇಡಿ.

ಕಾರ್ಯಕ್ರಮ ಕಟ್ಟುವಾಗ ಜನ ಮಾಡುವ ದೊಡ್ಡ ತಪ್ಪು ಅಂದರೆ ಅವರ ಮಾತಿನ ಕೆಳಗೆ ಶೋಕದ ವಯೊಲಿನ್ ಹಾಕುವುದು. ಜೀವಮಾನವೆಲ್ಲ ಯಾವ ಹಾಡಿನ ಮೇಲೆ ಎಷ್ಟು ಮಾತಾಡಬೇಕು ಅಂತ ತೂಗಿ ನೋಡಿದವರ ಕೆಳಗೆ, ಅವರೇ ಆರಿಸದ ಸಂಗೀತ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಎರಡನೆಯದು ಸದ್ದು ತೆಗೆಯುವ ಹುಚ್ಚು. ಎಎಮ್ ರೇಡಿಯೋದಿಂದ ಮುದ್ರಿಸಿದ್ದರಲ್ಲಿ ಸಾಮಾನ್ಯವಾಗಿ 5 ಕಿಲೋಹರ್ಟ್ಸ್ ಆಚೆಗೆ ದನಿ ಹೆಚ್ಚು ಇರುವುದಿಲ್ಲ, ಅಲ್ಲಿರುವ ಹಿಸ್ಸನ್ನು ಸೋಸಿದರೆ ದೊಡ್ಡ ನಷ್ಟವಿಲ್ಲ. ಅದರ ಕೆಳಗೆ ಕೈ ಹಾಕಿದರೆ ಮನುಷ್ಯ ನೀರೊಳಗಿಂದ ಮಾತಾಡಿದ ಹಾಗಾಗುತ್ತದೆ. ಉಸಿರಾಟವನ್ನಂತೂ ಕತ್ತರಿಸಲೇಬಾರದು.

ಹಾಡಿನ ವಿಷಯ ಸ್ವಲ್ಪ ನಾಜೂಕು. ಮಸುಕಾದ ಕ್ಯಾಸೆಟ್ಟಿನ ಹಾಡಿನ ಬದಲು ಒಳ್ಳೆಯ ಪ್ರತಿ ಹಾಕೋಣ ಅನಿಸುತ್ತದೆ. ಆದರೆ ವಾದ್ಯದ ಮೇಲೆ ಆಡಿದ ಮಾತನ್ನು ವಾದ್ಯದಿಂದ ಬಿಡಿಸಲಾಗದು. ಆದ್ದರಿಂದ ಮಾತು ಮುಗಿದು, ಆ ಒಂದು ಉಸಿರು ಕಳೆದು, ಪಲ್ಲವಿ ಎತ್ತುವ ಮೊದಲ ತಾಳದ ಪೆಟ್ಟಿನ ಮೇಲೆ ಹೊಸ ಪ್ರತಿಗೆ ದಾಟಬೇಕು. ಎರಡನ್ನೂ ಒಟ್ಟಿಗೆ ಓಡಿಸಿ ನಿಧಾನವಾಗಿ ಬೆರೆಸಲು ಹೋದರೆ, ವೇಗದ ಚೂರು ವ್ಯತ್ಯಾಸಕ್ಕೇ ದನಿ ಪೊಳ್ಳಾಗಿ ತೇಲಾಡುತ್ತದೆ. ಪೆಟ್ಟಿನ ಮೇಲಿನ ಜೋಡಣೆ ಕಿವಿಗೆ ಗೊತ್ತೇ ಆಗುವುದಿಲ್ಲ.

ಫೋನ್ ಮಾಡಿ ಹಾಡು ಕೇಳಿದವರ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರು ಹಳೆಯ ಟೇಪುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅವನ್ನು ತೆಗೆಯಬೇಕು. ಇಡೀ ಕಾರ್ಯಕ್ರಮವನ್ನು ಇಂಟರ್‌ನೆಟ್ಟಿಗೆ ಏರಿಸುವ ಮುಂಚೆ ಹಾಡುಗಳ ಹಕ್ಕನ್ನೂ ವಿಚಾರಿಸಬೇಕು. ಪ್ರಸಾರಕ್ಕಿರುವ ಪರವಾನಗಿ ಸಾಮಾನ್ಯವಾಗಿ ಅದಕ್ಕೆ ಸಾಲದು. ಹಾಡು ಮೊಟಕಿಸಿ ಮಾತು ಮಾತ್ರ ಇಟ್ಟ ಪ್ರತಿಯಾದರೆ ತಲೆನೋವು ಕಡಿಮೆ.

ಕಡೆಯದಾಗಿ ಅವರ ವಿದಾಯದ ಮಾತು. ಅದನ್ನು ಎಲ್ಲಿ ಕತ್ತರಿಸಬೇಕು? ನಮಸ್ಕಾರ ಅಂದ ಕೂಡಲೇ ಕತ್ತರಿ ಹಾಕುವುದು ಅಭ್ಯಾಸ. ಸೆಕೆಂಡಿಗೆ 19 ಸೆಂಟಿಮೀಟರ್ ಓಡುವ ಕಾಲಿಂಚಿನ ಟೇಪಿನಲ್ಲಿ ಒಂದು ಸೆಕೆಂಡು ಅಂದರೆ ಗೇಣಿಗಿಂತ ತುಸು ಕಡಿಮೆ. ನಮಸ್ಕಾರದ ಆಚೆಗೆ ಇನ್ನೂ ಎರಡು ಗೇಣು ಬಿಡಿ. ಅಲ್ಲಿ ಕುರ್ಚಿ ಕಿರುಗುಟ್ಟುವುದು, ಕಾಗದ ಮಡಚುವುದು, ಮೈಕಿನ ಸ್ವಿಚ್ಚು ಟಕ್ ಅನ್ನುವುದು ಇರುತ್ತದೆ. ಟಕ್ ಅಂದ ಮೇಲೆ ಏನನ್ನೂ ಸೇರಿಸದೆ, ಮುಂದಿನ ಗಂಟೆಯ ಪಿಪ್ ಬರಲು ಬಿಡಿ.