ಟ್ರಿಪ್ ಆಗ್ತಿದೆ ಅಂತ ಆರ್‌ಸಿಸಿಬಿಯನ್ನ ಕಿತ್ತುಹಾಕಿಸಬೇಡಿ

ನಮಸ್ಕಾರ. ಹೋದ ಮಳೆಗಾಲದಲ್ಲಿ ಸಾಗರದ ಹತ್ತಿರದ ನಮ್ಮ ಊರಿಂದ ಅಮ್ಮ ಫೋನ್ ಮಾಡಿದ್ರು. "ಸಂಜೆ ಆದ್ರೆ ಸಾಕು ಕಣೋ, ಮನೆಗೆ ಮನೆಯೇ ಕರೆಂಟ್ ಹೋಗ್ತದೆ. ಪಕ್ಕದ ಮನೇಲಿ ಇರ್ತದೆ, ನಮಗೆ ಮಾತ್ರ ಇಲ್ಲ" ಅಂದ್ರು. ಮೂರು ದಿನ ಬಿಟ್ಟು ಮತ್ತೆ ಫೋನ್. "ಸರಿಹೋಯ್ತು. ವೈರ್‌ಮನ್ ಬಂದಿದ್ದ. ಬಾಕ್ಸಲ್ಲಿದ್ದ ಆ ಅಗಲ ಸ್ವಿಚ್ಚೇ ಕೆಟ್ಟಿದೆ ಅಂತ ಡೈರೆಕ್ಟ್ ಮಾಡಿಕೊಟ್ಟು ಹೋದ."

ಡೈರೆಕ್ಟ್ ಅಂದ್ರೆ ಆ ಸ್ವಿಚ್ಚನ್ನ ತೆಗೆದು ವೈರನ್ನ ನೇರವಾಗಿ ಜೋಡಿಸೋದು. ಆ ಒಂದು ಮಾತು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಬೆಳಗ್ಗೆ ಊರಲ್ಲಿದ್ದೆ.

ಸಂಜೆಯೇ ಯಾಕೆ ಹೋಗ್ತಿತ್ತು? ಸಂಜೆ ಹೊಸದಾಗಿ ಹಾಕೋದು ಒಂದೇ, ಗೇಟಿನ ಲೈಟು. ಮೇನ್ ಆಫ್ ಮಾಡಿ ಅದನ್ನ ಬಿಚ್ಚಿದೆ. ಕಬ್ಬಿಣದ ಬಾಡಿ, ತುಕ್ಕು ಹಿಡಿದ ಸ್ಕ್ರೂ. ಗಾಜು ತೆಗೆದ ಕೂಡಲೇ ಅರ್ಧ ಲೋಟದಷ್ಟು ನೀರು ಮುಂಗೈ ಮೇಲೆ ಸುರೀತು. ಒಳಗೆ ಸತ್ತ ಇರುವೆಗಳ ರಾಶಿ. ಜಾಯಿಂಟಿಗೆ ಸುತ್ತಿದ್ದ ಕಪ್ಪು ಟೇಪು ಮಳೆಗೆ ಕೊಳೆತು ಅಂಟಂಟಾಗಿ ಜಾರಿಹೋಗಿತ್ತು, ಫೇಸ್ ವೈರಿನ ಬರಿ ತಾಮ್ರ ಕಬ್ಬಿಣಕ್ಕೆ ತಾಗಿ ಕೂತಿತ್ತು. ಹಸಿರು ಬಣ್ಣದ ಅರ್ಥ್ ವೈರ್ ಇತ್ತು. ಆದರೆ ಯಾರೋ ಅದನ್ನ ತುದಿಯಲ್ಲಿ ಕತ್ತರಿಸಿ ಪೈಪಿನೊಳಗೆ ಮಡಚಿಟ್ಟಿದ್ದರು.

ಆ ಕಂಬಕ್ಕೆ ಕೈಯೂರಿ ನನ್ನ ತಂಗಿ ಮಗಳು ದಿನಾ ಟ್ಯೂಷನ್‌ನಿಂದ ಬಂದು ಚಪ್ಪಲಿಯ ಕೆಸರು ಕೆರೆದುಕೊಳ್ತಾಳೆ. ಒಂಬತ್ತು ವರ್ಷದ ಹುಡುಗಿ.

ಅಂದ್ರೆ ಆ "ಕೆಟ್ಟ ಸ್ವಿಚ್ಚು" ಕೆಟ್ಟೇ ಇರಲಿಲ್ಲ. ಮೂರು ದಿನ ಸಂಜೆ ತಪ್ಪದೆ ಹೇಳ್ತಾ ಇತ್ತು, ಕರೆಂಟ್ ಎಲ್ಲೋ ಸೋರ್ತಿದೆ, ನೋಡಿ ಅಂತ. ನಾವು ಅದರ ಬಾಯಿ ಮುಚ್ಚಿಸಿದೆವು.

ಅದರ ಹೆಸರು ಆರ್‌ಸಿಸಿಬಿ, ಕರೆಂಟ್ ಸೋರಿದ್ರೆ ತಾನೇ ಲೈನು ಕಡಿಯೋ ಸ್ವಿಚ್ಚು. ನಮ್ಮಲ್ಲಿ ಇನ್ನೂ ಇಎಲ್‌ಸಿಬಿ ಅಂತಲೇ ಕರೆಯೋರು ಜಾಸ್ತಿ. ದೀಪ, ಹೋಲ್ಡರ್, ವೈರಿಂಗ್ ಸುರಕ್ಷಿತವಾಗಲಿ ಅಂತ ನೂರಾರು ಹೊಸ ವಸ್ತುಗಳು ಬಂದಿವೆ. ಅಜ್ಜನ ಕಾಲದ ಪಿಂಗಾಣಿ ಫ್ಯೂಸು ಇತ್ತು, ಉರಿದುಹೋದಾಗ ಸಿಕ್ಕಿದ ತಂತಿ ಸುತ್ತೋದು ಗೊತ್ತಲ್ಲ? ಆ ತಾಪತ್ರಯ ತಪ್ಪಿಸೋದಕ್ಕೆ ಜರ್ಮನಿಯ ಮ್ಯಾನ್‌ಹೈಮ್‌ನ ಹ್ಯೂಗೋ ಸ್ಟೋಟ್ಸ್ ಕಂಪನಿ 1924ರಲ್ಲೇ ಎಂಸಿಬಿಗೆ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್ಚಿಗೆ, ಪೇಟೆಂಟ್ ತಗೊಂಡಿತು. ಅದು ದೊಡ್ಡ ಹೆಜ್ಜೆಯೇ. ಆದರೆ ಇಲ್ಲೊಂದು ತಪ್ಪು ತಿಳುವಳಿಕೆ ಇದೆ. ಎಂಸಿಬಿ ಕಾಯೋದು ವೈರನ್ನ, ಮನುಷ್ಯನನ್ನಲ್ಲ.

ಲೆಕ್ಕ ಹಾಕಿ. ನಿಮ್ಮ ಲೈಟಿನ ಲೈನಿಗೆ 6 ಆಂಪಿಯರ್‌ನ ಎಂಸಿಬಿ ಇರುತ್ತೆ. 6 ಆಂಪಿಯರ್ ಅಂದ್ರೆ 6,000 ಮಿಲಿಆಂಪಿಯರ್. 230 ವೋಲ್ಟ್ ಮುಟ್ಟಿದಾಗ ಮೈಯೊಳಗೆ ಹರಿಯೋದು ನೂರು, ನೂರೈವತ್ತು ಮಿಲಿಆಂಪಿಯರ್ ಆಸುಪಾಸು. ಹೃದಯದ ಬಡಿತ ಏರುಪೇರಾಗಿ ನಿಲ್ಲೋದಕ್ಕೆ ಅಷ್ಟು ಸಾಕು. ಆದರೆ ಎಂಸಿಬಿಯ ಲೆಕ್ಕದಲ್ಲಿ ಅದು ಇನ್ನೊಂದು ಮೂರ್ನಾಲ್ಕು ಎಲ್‌ಇಡಿ ಬಲ್ಬ್ ಹಾಕಿದ ಹಾಗೆ. ಮನುಷ್ಯ ಒದ್ದಾಡ್ತಾ ಇದ್ರೂ ಅದು ಬೀಳೋದೇ ಇಲ್ಲ.

ಆರ್‌ಸಿಸಿಬಿ ನೋಡೋ ರೀತಿಯೇ ಬೇರೆ. ಅದರೊಳಗೆ ಬಳೆಯಂಥ ಒಂದು ಕಬ್ಬಿಣದ ಉಂಗುರ ಇದೆ. ಫೇಸ್, ನ್ಯೂಟ್ರಲ್ ಎರಡೂ ಅದರ ಮೂಲಕವೇ ಹಾದುಹೋಗ್ತವೆ. ಫೇಸಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಒಂದರ ಕಾಂತಬಲವನ್ನ ಇನ್ನೊಂದು ಅಳಿಸಿಹಾಕುತ್ತೆ, ಉಂಗುರ ಸುಮ್ಮನಿರುತ್ತೆ. ಹೋದದ್ದರಲ್ಲಿ ಚೂರು ಕಮ್ಮಿ ಬಂತು ಅಂದ್ರೆ ಅದು ಬೇರೆ ದಾರಿ ಹಿಡಿದಿದೆ. ಒದ್ದೆ ಗೋಡೆಗೋ, ಯಾರದೋ ಮೈಗೋ ಇಳಿದು ನೆಲ ಸೇರ್ತಿದೆ. ಆ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ, ಕಣ್ಣು ಮಿಟುಕಿಸೋ ಹೊತ್ತಿನೊಳಗೆ, ಲೈನು ಕಟ್. ಅಂಗಡಿ ಲೆಕ್ಕದಲ್ಲಿ ನಾಲ್ಕಾಣೆ ಕಮ್ಮಿ ಬಂದ್ರೂ ಬಾಗಿಲು ಹಾಕಿ ಹುಡುಕೋ ಗುಮಾಸ್ತನ ಹಾಗೆ.

ಆ ಮೂವತ್ತರ ಹತ್ತಿರದ ಸಂಖ್ಯೆಗಳು ಎಲ್ಲಿಂದ ಬಂದವು ಅನ್ನೋದನ್ನ ಹೇಳಲೇಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಡಾಲ್‌ಜೀಲ್ ಅನ್ನೋ ಪ್ರೊಫೆಸರ್ ಇದ್ರು. ಒಪ್ಪಿ ಬಂದವರ ಕೈಗೆ ತಂತಿ ಕೊಟ್ಟು, ಕರೆಂಟನ್ನ ಸ್ವಲ್ಪ ಸ್ವಲ್ಪವೇ ಏರಿಸ್ತಾ, ಎಷ್ಟಕ್ಕೆ ಮುಷ್ಟಿ ಬಿಡಿಸಿಕೊಳ್ಳೋಕೆ ಆಗದೇ ಹೋಗುತ್ತೆ ಅಂತ ಅಳೆದವರು ಅವರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ನಮ್ಮ ಕಡೆ "ಕರೆಂಟ್ ಹಿಡ್ಕೊಂಡ್‌ಬಿಡ್ತು" ಅಂತೀವಲ್ಲ, ಅದನ್ನೇ ಅವರು ಮಿಲಿಆಂಪಿಯರ್‌ನಲ್ಲಿ ಅಳೆದಿದ್ದು. ಕರೆಂಟ್ ನಮ್ಮನ್ನ ಹಿಡಿಯೋದಲ್ಲ, ಮುಂಗೈ ಸ್ನಾಯು ಬಿಗಿದು ನಮ್ಮ ಕೈಯೇ ವೈರನ್ನ ಬಿಡಲಾರದು. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಎಳೆಯೋದೇ ಸುಮಾರು 40 ಮಿಲಿಆಂಪಿಯರ್. ಅದಕ್ಕಿಂತ ಕಮ್ಮಿಗೇ ಮನುಷ್ಯ ಸಿಕ್ಕಿಹಾಕಿಕೊಳ್ತಾನೆ. 1961ರಲ್ಲಿ ಅದೇ ಡಾಲ್‌ಜೀಲ್ ಬರೀ 5 ಮಿಲಿಆಂಪಿಯರ್ ಸೋರಿದ್ರೂ ಲೈನು ಕಡಿಯೋ ಸಾಧನ ತಯಾರಿಸಿದ್ರು. ಅಮೆರಿಕದ ವೈರಿಂಗ್ ನಿಯಮದೊಳಗೆ ಅದು ಕಾಲಿಟ್ಟಿದ್ದು ಈಜುಕೊಳದ ನೀರಿನೊಳಗಿನ ದೀಪಗಳ ನೆಪದಲ್ಲಿ, 1968ರಲ್ಲಿ.

ಅದಕ್ಕೂ ಮೊದಲು, 1955ರಲ್ಲಿ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ಹೆನ್ರಿ ರೂಬಿನ್ ಇಂಥದ್ದೇ ಒಂದನ್ನ ಮಾಡಿದ್ರು. ಇದನ್ನ ಓದಿದಾಗ ನನಗೆ ಕೋಲಾರ ನೆನಪಾಯ್ತು. ಹಳೇ ಮೈಸೂರು ಸೀಮೆಗೆ ದೊಡ್ಡ ಮಟ್ಟದಲ್ಲಿ ಕರೆಂಟ್ ಬಂದದ್ದೇ ಚಿನ್ನದ ಗಣಿಗಾಗಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಲೈನು ಎಳೆದರು. ಅದೇ ಶಿವನಸಮುದ್ರದ ಕರೆಂಟಿಂದ 1905ರ ಆಗಸ್ಟ್ 5ಕ್ಕೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಹತ್ರ ಬೀದಿದೀಪ ಹೊತ್ತಿತು. ದೀಪ ಹಚ್ಚೋದರಲ್ಲಿ ನಾವು ಅಷ್ಟು ಮುಂದಿದ್ವಿ. ಆದರೆ ಇವತ್ತಿಗೂ ಈ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಶಾಕ್ ಹೊಡೆದು ಸಾಯ್ತಾರೆ. ಎಲ್ಲವೂ ಮನೆಯೊಳಗಿನದಲ್ಲ, ಹೊಲದಲ್ಲಿ ಹರಿದುಬಿದ್ದ ಲೈನಿಗೆ ಬಲಿಯಾಗೋ ರೈತರೂ ಅದರಲ್ಲಿದ್ದಾರೆ. ಆದರೆ ಗೀಸರ್, ಮೋಟರು, ಗೇಟ್ ಲೈಟಿನಿಂದ ಹೋದ ಜೀವಗಳಿಗೆ ಮದ್ದು ಇತ್ತು. ಅರವತ್ತು ವರ್ಷದಿಂದ ಇದೆ.

ಆ ಮದ್ದಿನ ಬೆಲೆ ಸುಮಾರು ಎರಡು ಸಾವಿರ ರೂಪಾಯಿ ಆಚೀಚೆ. ಮನೆ ಕಟ್ಟುವಾಗ ಫಾಲ್ಸ್ ಸೀಲಿಂಗಿಗೆ ಲಕ್ಷ ಸುರೀತೀವಿ, ದೇವರಮನೆಗೆ ಬಣ್ಣಬಣ್ಣದ ಲೈಟು ಹುಡುಕೋಕೆ ನಾಲ್ಕು ಅಂಗಡಿ ಸುತ್ತುತೀವಿ. ಈ ಸ್ವಿಚ್ಚುಗಳೆಲ್ಲ ಇರೋ ಡಿ.ಬಿ. ಬಾಕ್ಸಲ್ಲಿ ಏನಿದೆ ಅಂತ ಗೃಹಪ್ರವೇಶದ ದಿನವೂ ತೆಗೆದು ನೋಡಲ್ಲ. ಇದು ನನಗೆ ನಿಜವಾಗ್ಲೂ ಸಂಕಟ ಕೊಡುತ್ತೆ.

ವೈರ್‌ಮನ್ ಒಬ್ಬನನ್ನೇ ಬೈಯೋದು ನ್ಯಾಯ ಅಲ್ಲ. ನಮ್ಮ ಊರಿಗೆ ಬಂದಿದ್ದವನಿಗೆ ಅಮ್ಮ ಹೇಳಿದ್ದು "ಹೇಗಾದ್ರೂ ಮಾಡಿ ಕರೆಂಟ್ ಬರೋ ಹಾಗೆ ಮಾಡಪ್ಪ" ಅಂತ. ಅವನು ಮಾಡಿದ. ಸೋರೋ ಜಾಗ ಹುಡುಕೋಕೆ ಅರ್ಧ ದಿನ ಬೇಕು, ಆ ಅರ್ಧ ದಿನದ ಕೂಲಿ ಕೊಡೋಕೆ ನಾವು ತಯಾರಿಲ್ಲ. ಇನ್ನೊಂದು ತೊಡಕೂ ಇದೆ. ಯುಪಿಎಸ್ ಹಾಕಿಸುವಾಗ ಒಂದು ಲೈನಿನ ನ್ಯೂಟ್ರಲನ್ನ ಇನ್ನೊಂದಕ್ಕೆ ಸೇರಿಸಿಬಿಡ್ತಾರೆ. ಆಗ ಹೋದ ಕರೆಂಟು ಆ ಉಂಗುರದ ಮೂಲಕ ವಾಪಸ್ ಬರದೆ ಬೇರೆ ಕಡೆಯಿಂದ ಬರುತ್ತೆ, ಸೋರಿಕೆ ಇಲ್ಲದಿದ್ರೂ ಟ್ರಿಪ್ ಆಗುತ್ತೆ. ನ್ಯೂಟ್ರಲ್‌ಗಳನ್ನ ಬೇರ್ಪಡಿಸಿದ್ರೆ ಮುಗೀತು. ಆದರೆ ಆಗೋದು ಏನು? ಡೈರೆಕ್ಟ್.

ಆರ್‌ಸಿಸಿಬಿ ಇದೆ ಅಂತ ಎಲ್ಲಾ ಮರೆತು ಕೂರೋ ಹಾಗೂ ಇಲ್ಲ. ಒಂದು ಕೈಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದ್ರೆ ಅದಕ್ಕೆ ಗೊತ್ತಾಗಲ್ಲ, ಹೋದಷ್ಟೂ ವಾಪಸ್ ಬಂತಲ್ಲ! ಓವರ್‌ಲೋಡ್ ಕೂಡ ಅದರ ಕೆಲಸ ಅಲ್ಲ, ಅದಕ್ಕೆ ಎಂಸಿಬಿ ಬೇಕೇ ಬೇಕು. ಅರ್ಥಿಂಗ್ ಸರಿ ಇದ್ರೆ ಯಾರೂ ಮುಟ್ಟೋ ಮೊದಲೇ ಅದು ಬೀಳುತ್ತೆ. ಅರ್ಥಿಂಗ್ ಇಲ್ಲದಿದ್ರೆ ಯಾರಾದ್ರೂ ಮುಟ್ಟಿದ ಮೇಲೆ ಬೀಳಬಹುದು. ಹೊರಗಿನ ಲೈಟು ಕೊಳ್ಳುವಾಗ ಡಬ್ಬಿ ಮೇಲೆ ಐಪಿ ಅಂತ ಎರಡಂಕಿ ಇರುತ್ತೆ, ಎರಡನೇ ಅಂಕಿ ನೀರಿನದು. ಮಲೆನಾಡಿನ ಮಳೆಗೆ ಐಪಿ65 ಕೇಳಿ ತಗೊಳ್ಳಿ. ಐಪಿ20 ಇದ್ದದ್ದು ಒಳಮನೆಗೆ ಮಾತ್ರ.

ಆ ಶನಿವಾರ ನಾವು ಗೇಟಿಗೆ ಪ್ಲಾಸ್ಟಿಕ್ ಬಾಡಿಯ ಹೊಸ ಲೈಟು ಹಾಕಿದ್ವಿ. ಅದೇ ವೈರ್‌ಮನ್‌ನ ಕರೆಸಿ, ಹಳೇ ಲೈಟಿನ ಒಳಗಡೆ ತೋರಿಸಿ, ತೆಗೆದಿಟ್ಟಿದ್ದ ಆರ್‌ಸಿಸಿಬಿಯನ್ನ ವಾಪಸ್ ಕೂರಿಸಿದ್ವಿ. ಅದರ ಮೇಲೆ ಟಿ ಅಂತ ಬರೆದ ಪುಟ್ಟ ಬಟನ್ ಇದೆ. ಕರೆಂಟ್ ಇದ್ದಾಗ ಒತ್ತಿದ್ರೆ ಟಪ್ ಅಂತ ಬೀಳಬೇಕು, ಬೀಳದಿದ್ರೆ ಆವತ್ತೇ ಬದಲಾಯಿಸಬೇಕು. ಈಗ ತಿಂಗಳ ಒಂದನೇ ತಾರೀಖು ಅದನ್ನ ಒತ್ತೋ ಕೆಲಸ ತಂಗಿ ಮಗಳದ್ದು. ಸ್ಟೂಲ್ ಹತ್ತಿ ನಿಂತು, "ಅಜ್ಜೀ, ಟಿವಿ ಆಫ್ ಆಗ್ತದೆ, ಬೈಬೇಡ" ಅಂತ ಕೂಗಿ ಹೇಳಿಯೇ ಒತ್ತುತ್ತಾಳೆ.