ಹುಟ್ಟು ಹಿಡಿದು ನದಿಯ ಪಾಠ

ಕೇಳುಗರಿಗೆ ನಮಸ್ಕಾರ.

ನದಿಯ ಪುನಶ್ಚೇತನ ಎಂದ ಕೂಡಲೇ ಮಕ್ಕಳನ್ನು ದಡಕ್ಕೆ ಕರೆದೊಯ್ದು ಕಸ ಹೆಕ್ಕಿಸುತ್ತೇವೆ, ಎರಡು ಗಿಡ ನೆಡಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಕಸ ಹೆಕ್ಕಿದರೆ ತಪ್ಪೇನಿಲ್ಲ. ಆದರೆ ನದಿ ಎಲ್ಲಿ ಕೆಟ್ಟಿದೆ, ಎಲ್ಲಿ ಸುಧಾರಿಸಿದೆ ಎಂಬುದು ಒಂದೇ ಕಡೆ ನಿಂತವರಿಗೆ ಕಾಣುವುದಿಲ್ಲ. ಹೋಲಿಸಿ ನೋಡಬೇಕು, ಅದೂ ಒಂದೇ ದಿನದಲ್ಲಿ. ಇಂದು ತಿಳಿಯಾಗಿರುವ ನೀರು ನಾಳೆ ಮಳೆ ಬಿದ್ದರೆ ಬಗ್ಗಡ. ಬೇರೆ ಬೇರೆ ದಿನದ ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಮಳೆಯ ಪಾಠವಾಗುತ್ತದೆ, ನದಿಯದಲ್ಲ. ಒಂದೇ ದಿನದಲ್ಲಿ ನದಿಯ ಹಲವು ಭಾಗ ನೋಡಲು ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿ, ಉಪಯೋಗಕ್ಕೆ ಬರುವುದು ಇಲ್ಲೇ.

ಹತ್ತರಿಂದ ಹದಿನಾಲ್ಕು ವಯಸ್ಸಿನವರಿಗೆ ದಿನಕ್ಕೆ 6ರಿಂದ 8 ಕಿಲೋಮೀಟರ್ ಸಾಕು. ಆ ದೂರದೊಳಗೆ ಮೂರು ತಂಗುಗಳು ಬೇಕು: ಹೆಚ್ಚು ಕೆಡದೆ ಉಳಿದ ಒಂದು ಭಾಗ, ನೇರ ಕಾಲುವೆಯಂತೆ ಅಗೆದು ಕೆಡಿಸಿದ ಒಂದು ಭಾಗ, ದುರಸ್ತಿ ಮಾಡಿದ ಒಂದು ಭಾಗ. ಕೆಡದ ಭಾಗವನ್ನು ಬಿಡುವವರೇ ಹೆಚ್ಚು. ಅದನ್ನು ಬಿಟ್ಟರೆ, ದುರಸ್ತಿ ಎಷ್ಟು ದೂರ ಬಂದಿದೆ ಎಂದು ಅಳೆಯಲು ಮಕ್ಕಳ ಕೈಯಲ್ಲಿ ಕೋಲೇ ಇರುವುದಿಲ್ಲ.

ಹೊರಡುವ ಮುನ್ನ ತರಗತಿಯಲ್ಲಿ ನಕ್ಷೆ ಹರಡಿ. ನದಿಯ ತಿರುವುಗಳ ಮೇಲೆ ದಾರ ಇಟ್ಟು ಉದ್ದ ಅಳೆಯಲಿ. ಎರಡು ತುದಿಗಳ ನಡುವಿನ ನೇರ ದೂರದಿಂದ ಅದನ್ನು ಭಾಗಿಸಲಿ. ಉತ್ತರ ಒಂದೂವರೆ ದಾಟಿದರೆ ಅದು ಚೆನ್ನಾಗಿ ಅಂಕುಡೊಂಕಾದ ನದಿ. ಅಮೆರಿಕದ ಫ್ಲಾರಿಡಾದಲ್ಲಿ ಕಿಸ್ಸಿಮ್ಮೀ ಎಂಬ ನದಿ ಇದೆ. ಸುಮಾರು 166 ಕಿಲೋಮೀಟರ್ ಸುತ್ತಿ ಹರಿಯುತ್ತಿದ್ದ ಅದನ್ನು ಪ್ರವಾಹ ತಡೆಯುವ ನೆಪದಲ್ಲಿ 1962ರಿಂದ 1971ರೊಳಗೆ ಸುಮಾರು 90 ಕಿಲೋಮೀಟರ್‌ನ ಕಾಲುವೆಯಾಗಿ ಅಗೆದರು. ಅಕ್ಕಪಕ್ಕದ ಜೌಗು ಒಣಗಿತು, ನೀರುಹಕ್ಕಿಗಳು ಬಹುಪಾಲು ಖಾಲಿಯಾದವು. ಕಾಲುವೆಯ ಒಂದು ಭಾಗವನ್ನು ಮತ್ತೆ ಮಣ್ಣಿನಿಂದ ಮುಚ್ಚಿ ಹಳೆಯ ತಿರುವುಗಳಿಗೆ ನೀರು ಬಿಡುವ ಕೆಲಸ ಮುಗಿದದ್ದು 2021ರಲ್ಲಿ. ಕೆಡಿಸಲು ಒಂಬತ್ತು ವರ್ಷ, ಸರಿಪಡಿಸಲು ದಶಕಗಳು. ಈ ಲೆಕ್ಕವನ್ನು ಮಕ್ಕಳೇ ಮಾಡಲಿ, ನಾವು ಹೇಳಿಕೊಡುವುದು ಬೇಡ.

ಈಗ ನೀರಿಗಿಳಿಯೋಣ. ಪ್ರತಿ ತಂಗಿನಲ್ಲೂ ಮೂರೇ ಅಳತೆ. ಮೊದಲನೆಯದು ವೇಗ. ದಡದಲ್ಲಿ 10 ಮೀಟರ್ ಗುರುತು ಮಾಡಿ, ನೀರು ಬರುವ ಕಡೆಯ ಗುರುತಿನಿಂದ ಒಂದು ಕಿತ್ತಳೆ ಹಣ್ಣು ಬಿಡಿ. ಎಲೆಯನ್ನು ಗಾಳಿ ತಳ್ಳುತ್ತದೆ. ಹಣ್ಣು ಬಹುಪಾಲು ನೀರಲ್ಲೇ ಮುಳುಗಿರುವುದರಿಂದ ಮೋಸ ಕಡಿಮೆ. 25 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ 0.85ರಿಂದ ಗುಣಿಸಬೇಕು. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. ಎರಡನೆಯದು ತಿಳಿತನ: ತಳದಲ್ಲಿ ಕಪ್ಪು-ಬಿಳುಪು ಬಿಲ್ಲೆ ಇರುವ ಪಾರದರ್ಶಕ ಕೊಳವೆಗೆ ನೀರು ಸುರಿಯುತ್ತ, ಬಿಲ್ಲೆ ಕಾಣದಾದಾಗಿನ ಎತ್ತರ ಬರೆದುಕೊಳ್ಳುವುದು.

ಮೂರನೆಯದು ತಳದ ಜೀವಿಗಳು. ಮಕ್ಕಳು ದೋಣಿಯನ್ನೇ ಮರೆಯುವ ಅಳತೆ ಇದು. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯನ್ನು ತಳಕ್ಕೆ ಒತ್ತಿ ಹಿಡಿಯಿರಿ. ಬಲೆಯ ಮುಂದೆ, ನೀರು ಬರುವ ಕಡೆ ನಿಂತ ಒಬ್ಬರು ಒಂದು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕದಡಬೇಕು. ನೀರು ಮಂಡಿ ದಾಟಬಾರದು. ಸೋಲುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಬಲೆಯ ಅಂಚಿನ ಕೆಳಗೆ ಸಂದು ಬಿಟ್ಟಿರುತ್ತದೆ, ಇಲ್ಲವೇ ಒಂದು ತಂಗಿನಲ್ಲಿ ಉತ್ಸಾಹದಿಂದ ಮೂರು ನಿಮಿಷ ಕದಡಿ ಇನ್ನೊಂದರಲ್ಲಿ ಅರ್ಧಕ್ಕೇ ಬಿಟ್ಟಿರುತ್ತಾರೆ. ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಹಾಕಿ, ನೆರಳಲ್ಲಿಡಿ. ಬಿಸಿಲಿಗೆ ನೀರು ಬಿಸಿಯೇರಿದರೆ ಆಮ್ಲಜನಕ ಇಳಿದು ಹುಳುಗಳು ಸಾಯುತ್ತವೆ. ಹೊಟ್ಟೆಯ ಬದಿಯಲ್ಲಿ ಕಿವಿರು, ಹಿಂದೆ ಸಾಮಾನ್ಯವಾಗಿ ಮೂರು ಬಾಲ ಇದ್ದರೆ ಮೇಫ್ಲೈ ಎಂಬ ಕೀಟದ ಮರಿ. ಎರಡು ಬಾಲ, ಪ್ರತಿ ಪಾದಕ್ಕೂ ಎರಡು ಕೊಕ್ಕೆ ಇದ್ದರೆ ಸ್ಟೋನ್‌ಫ್ಲೈ. ಮರಳು, ಕಡ್ಡಿಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಗೂಡು ಹೊತ್ತು ಓಡಾಡುವುದು ಕ್ಯಾಡಿಸ್. ಈ ಮೂರೂ ಆಮ್ಲಜನಕ ಹೇರಳವಾಗಿರುವ ನೀರನ್ನು ಬಯಸುವ ಗುಂಪುಗಳು. ಬರೀ ಕೆಂಪು ಸೊಳ್ಳೆಹುಳುಗಳಂಥವೇ ತುಂಬಿದ್ದರೆ ತಳದಲ್ಲಿ ಹೂಳು, ಕೊಳೆ ಹೆಚ್ಚಿದೆ ಎಂದು ಶಂಕಿಸಬಹುದು. ಎಣಿಸಿ ಮುಗಿದ ಮೇಲೆ ತೆಗೆದ ಜಾಗಕ್ಕೇ ಬಿಡಬೇಕು.

ಇಲ್ಲಿ ಶಿಕ್ಷಕರಿಗೊಂದು ಎಚ್ಚರಿಕೆ. ದುರಸ್ತಿಯಾದ ಭಾಗದಲ್ಲೂ ಹುಳುಗಳು ಕಡಿಮೆಯೇ ಇರಬಹುದು. ತಿರುವು, ಕಲ್ಲು, ಮಡು ಎಲ್ಲ ಸರಿಮಾಡಿದ್ದರೂ ಮೇಲಿನಿಂದ ಕೊಳೆ ಬರುತ್ತಿದ್ದರೆ, ಅಥವಾ ವಲಸೆ ಬರಲು ಹತ್ತಿರದಲ್ಲಿ ಆ ಜೀವಿಗಳೇ ಉಳಿದಿಲ್ಲದಿದ್ದರೆ, ಮನೆ ಕಟ್ಟಿಯೂ ಬಾಡಿಗೆದಾರರಿಲ್ಲದ ಸ್ಥಿತಿ. ಆ ಫಲಿತಾಂಶವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಕೆಲವೊಮ್ಮೆ ಸುಧಾರಣೆಯ ಮೊದಲ ಹಂತ ನೋಡಲು ಕೆಟ್ಟದಾಗಿಯೇ ಇರುತ್ತದೆ. ಅಮೆರಿಕದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2023-24ರಲ್ಲಿ ಕೆಡವಿದಾಗ, ಜಲಾಶಯಗಳಲ್ಲಿ ಕೂತಿದ್ದ ಹೂಳು ಹರಿದು ನದಿ ಕಂದು ಬಣ್ಣಕ್ಕೆ ತಿರುಗಿತು. ಆದರೆ 2024ರ ಅಕ್ಟೋಬರ್‌ನಲ್ಲೇ ಸಾಲ್ಮನ್ ಮೀನುಗಳು ಅಣೆಕಟ್ಟುಗಳಿದ್ದ ಜಾಗ ದಾಟಿ ಮೇಲೆ ಬಂದವು. ಮರುವರ್ಷ ಅಲ್ಲಿನ ಮೂಲನಿವಾಸಿ ಸಮುದಾಯಗಳ ಹದಿಹರೆಯದವರು ತರಬೇತಿ ಪಡೆದು ಕಯಾಕ್ ಎಂಬ ಪುಟ್ಟ ದೋಣಿಗಳಲ್ಲಿ ಮೇಲಿನಿಂದ ಸಮುದ್ರದವರೆಗೂ ಹೋದರು.

ಕೈಕೆಲಸ ಬೇಕೆಂದರೆ ನೀರಂಜಿಯಂಥ, ಕಡ್ಡಿಯಿಂದಲೇ ಚಿಗುರುವ ಸ್ಥಳೀಯ ಗಿಡದ ಗೂಟ ನೆಡಿಸಿ. ಎಲೆ ಉದುರಿದ ಕಾಲದಲ್ಲಿ ಕತ್ತರಿಸಿದ, 2ರಿಂದ 4 ಸೆಂಟಿಮೀಟರ್ ದಪ್ಪ, 70ರಿಂದ 90 ಸೆಂಟಿಮೀಟರ್ ಉದ್ದದ ಗೂಟಗಳು. ಬುಡವನ್ನು ಓರೆಯಾಗಿ, ತುದಿಯನ್ನು ಸಮವಾಗಿ ಕತ್ತರಿಸಿ. ತಲೆಕೆಳಗಾಗಿ ನೆಡುವ ತಪ್ಪು ಇದರಿಂದಲೇ ತಪ್ಪುತ್ತದೆ. ನೆಡುವವರೆಗೂ ನೀರಲ್ಲಿರಲಿ. ಕಬ್ಬಿಣದ ಸಲಾಕೆಯಿಂದ ಮೊದಲು ಕುಳಿ ಮಾಡಿ, ಮೂರರಲ್ಲಿ ಎರಡು ಪಾಲು ಮಣ್ಣಿಗಿಳಿಸಿ, ಸುತ್ತ ಗಟ್ಟಿಯಾಗಿ ತುಳಿಯಬೇಕು. ನೇರವಾಗಿ ಸುತ್ತಿಗೆಯಿಂದ ಬಡಿದರೆ ತೊಗಟೆ ಸುಲಿಯುತ್ತದೆ. ಬುಡ ಬೇಸಿಗೆಯ ತೇವದ ಮಟ್ಟ ಮುಟ್ಟದಿದ್ದರೆ ಮೊದಲ ಚಿಗುರಿನ ನಂತರ ಒಣಗುತ್ತದೆ. ಗೋಡೆಯಂತೆ ಕಡಿದು ನಿಂತ ದಡಕ್ಕೆ ಗೂಟ ವ್ಯರ್ಥ. ದಡದ ಜೊತೆಗೇ ಕುಸಿಯುತ್ತದೆ. ಅಲ್ಲಿ ಮೊದಲು ಇಳಿಜಾರು ಮಾಡಬೇಕು.

ಸುರಕ್ಷತೆಯ ವಿಷಯದಲ್ಲಿ ಒಂದು ವಿಚಿತ್ರ ಇಕ್ಕಟ್ಟಿದೆ. ಮೀನಿಗೆ ಆಸರೆಯಾಗಲೆಂದು ದುರಸ್ತಿಯಾದ ಭಾಗದಲ್ಲಿ ಬೇಕೆಂದೇ ಮರದ ದಿಮ್ಮಿಗಳನ್ನು ಹಾಕಿರುತ್ತಾರೆ. ಮೀನಿಗೆ ಮನೆಯಾದದ್ದೇ ದೋಣಿಗೆ ಅಪಾಯ: ಕೊಂಬೆಗಳ ನಡುವೆ ನೀರು ಸೋಸಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಆದ್ದರಿಂದ ಹಿಂದಿನ ದಿನವೇ ದೊಡ್ಡವರು ಅದೇ ದಾರಿಯಲ್ಲಿ ಹೋಗಿ ನೋಡಿರಬೇಕು. ಒಡ್ಡು ಎಷ್ಟೇ ತಗ್ಗಿರಲಿ, ಅದರ ಮೇಲಿಂದ ದೋಣಿ ಇಳಿಸಬಾರದು; ಕೆಳಗೆ ನೀರು ಹಿಮ್ಮೊಗವಾಗಿ ಸುತ್ತಿ ಬಿದ್ದವರನ್ನು ಬಿಡುವುದಿಲ್ಲ. ಬಹಳ ಮೊದಲೇ ದಡ ಹತ್ತಿ ದೋಣಿ ಹೊತ್ತು ದಾಟಿ. ಜೀವರಕ್ಷಕ ಜಾಕೆಟ್ಟಿನ ಭುಜ ಹಿಡಿದು ಎತ್ತಿದಾಗ ಅದು ಮಗುವಿನ ಗಲ್ಲ ದಾಟಿ ಮೇಲೆ ಬಂದರೆ ಪಟ್ಟಿ ಸಡಿಲ ಎಂದೇ ಅರ್ಥ. ಬಿದ್ದರೆ ಬೆನ್ನ ಮೇಲೆ ತೇಲುತ್ತ ಕಾಲು ಮುಂದಕ್ಕೆ. ಸೆಳವಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕುತ್ತದೆ. ಗುಡುಗು ಕೇಳಿದರೆ ನೀರಿನಿಂದ ಹೊರಗೆ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೇ.

ದಿನದ ಕೊನೆಯ ಕೆಲಸ ತೊಳೆಯುವುದು. ಒಂದು ನದಿಯ ಕಳೆಬೀಜ, ಬಸವನಹುಳು, ರೋಗಾಣು ಒದ್ದೆ ದೋಣಿಯಲ್ಲಿ ಇನ್ನೊಂದು ನದಿಗೆ ಹೋಗುತ್ತದೆ. ದೋಣಿ, ಹುಟ್ಟು, ಬಲೆ, ಬೂಟಿನ ಅಡಿ ಎಲ್ಲವನ್ನೂ ನೋಡಿ, ಉಜ್ಜಿ, ಆ ನೀರು ನದಿಗಾಗಲೀ ಚರಂಡಿಗಾಗಲೀ ಹೋಗದಂತೆ ಹುಲ್ಲಿನ ಮೇಲೆ ಸುರಿದು, ಪೂರ್ತಿ ಒಣಗಿಸಬೇಕು. ಮಕ್ಕಳು ದಣಿದಿರುತ್ತಾರೆ, ವಾಹನ ಕಾಯುತ್ತಿರುತ್ತದೆ, ಈ ಹೆಜ್ಜೆಯನ್ನೇ ಜನ ಬಿಟ್ಟುಬಿಡುತ್ತಾರೆ. ವೇಳಾಪಟ್ಟಿಯಲ್ಲಿ ಇದಕ್ಕೆಂದೇ ಮುಕ್ಕಾಲು ಗಂಟೆ ಮೊದಲೇ ತೆಗೆದಿಡಿ. ಉಳಿದರೆ ಮಾಡೋಣ ಎಂದರೆ ಸಮಯ ಉಳಿಯುವುದಿಲ್ಲ.