ರಿಫ್ರೆಶ್ ಮಾಡಿದರೆ ಸರ್ಚ್ ಫಲಿತಾಂಶ ಯಾಕೆ ಅದಲುಬದಲಾಗುತ್ತದೆ?

[ಪರದೆ: ಪುಸ್ತಕದ ಸೈಟ್. "ಕೆರೆ ಇತಿಹಾಸ" ಎಂದು ಟೈಪ್ ಆಗುತ್ತಿದೆ.]

ನಮಸ್ಕಾರ. ಸ್ವಲ್ಪ ಈ ಪರದೆ ನೋಡಿ. ಬೆಂಗಳೂರಿನ ಕೆರೆಗಳ ಪುಸ್ತಕ ಮೊದಲು ಬಂತು. ಏನೂ ಮುಟ್ಟದೆ ರಿಫ್ರೆಶ್ ಮಾಡಿದೆ. ಎರಡನೇ ಜಾಗಕ್ಕೆ ಇಳಿಯಿತು. ಇನ್ನೊಂದು ರಿಫ್ರೆಶ್, ಮತ್ತೆ ಮೇಲೆ.

ಜಯನಗರದ ಒಂದು ಆಫೀಸಿನಲ್ಲಿದ್ದಾಗ ಇದೇ ದೂರು ನನ್ನ ಹತ್ತಿರ ಬಂತು. ಎರಡು ದಿನ ನಮ್ಮ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು.

ಆ ಸೈಟಿನ ಹುಡುಕಾಟ ನಡೆಸುವ ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್. ಅದು ಡೇಟಾವನ್ನು ಶಾರ್ಡ್, ಅಂದರೆ ತುಂಡುಗಳಾಗಿ ಹಂಚಿ ಇಡುತ್ತದೆ. ಪ್ರತಿ ಶಾರ್ಡ್‌ಗೂ ರೆಪ್ಲಿಕಾ, ಅಂದರೆ ನಕಲು, ಇಟ್ಟುಕೊಳ್ಳಬಹುದು. ನಿಮ್ಮ ಸರ್ಚ್ ಒಮ್ಮೆ ಮೂಲಕ್ಕೆ ಹೋಗಬಹುದು, ಇನ್ನೊಮ್ಮೆ ನಕಲಿಗೆ. ಎರಡರಲ್ಲೂ ಇರುವುದು ಅದೇ ಪುಸ್ತಕಗಳು. ಮತ್ತೆ ಕ್ರಮ ನಿರ್ಧರಿಸುವ ಅಂಕ, ಅಂದರೆ ಸ್ಕೋರ್, ಯಾಕೆ ಬೇರೆ?

[ಪರದೆ: ಎರಡು ಸ್ಟಾಕ್ ಬುಕ್. ಒಂದರಲ್ಲಿ ಗೀಟು ಹೊಡೆದ ಸಾಲುಗಳು.]

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿ ನೆನೆಸಿಕೊಳ್ಳಿ. ಅಲ್ಲಿ ಎರಡು ಸ್ಟಾಕ್ ಬುಕ್ ಇವೆ ಅಂದುಕೊಳ್ಳೋಣ. ವಿವರ ತಿದ್ದಬೇಕಾದಾಗ ಹಳೇ ಸಾಲಿಗೆ ಗೀಟು ಹೊಡೆದು, ಕೆಳಗೆ ಹೊಸ ಸಾಲು ಬರೆಯುತ್ತಾರೆ. ಒಂದನ್ನು ನಿನ್ನೆ ನೀಟಾಗಿ ಹೊಸದಾಗಿ ಬರೆದಿಟ್ಟಿದ್ದಾರೆ. ಇನ್ನೊಂದರಲ್ಲಿ ಗೀಟು ಹೊಡೆದದ್ದೆಲ್ಲ ಹಾಗೇ ಇದೆ. "ಕೆರೆ" ಎಷ್ಟು ಸಾಲಿನಲ್ಲಿದೆ ಅಂತ ಎಣಿಸುವವರು ಗೀಟು ಹೊಡೆದದ್ದನ್ನೂ ಸೇರಿಸಿಬಿಟ್ಟರೆ? ಲೆಕ್ಕ ಬೇರೆ ಬರುತ್ತದೆ, ಅಲ್ವಾ?

ಎಲಾಸ್ಟಿಕ್‌ಸರ್ಚ್ ಒಳಗೆ ನಿಜವಾಗಿ ಹುಡುಕುವ ಲೂಸೀನ್ ಎಂಬ ಲೈಬ್ರರಿ ಮಾಡುವುದೂ ಇದನ್ನೇ. ಅಪ್‌ಡೇಟ್ ಅಂದರೆ ಹಳೆಯದಕ್ಕೆ ಅಳಿಸಿದ ಗುರುತು ಹಾಕಿ, ಹೊಸದನ್ನು ಸೇರಿಸುವುದು. ಶಾರ್ಡ್‌ನ ಒಳಗಿನ ಚಿಕ್ಕ ಭಾಗಗಳಾದ ಸೆಗ್ಮೆಂಟ್‌ಗಳು ಮರ್ಜ್ ಆಗುವವರೆಗೆ, ಅಂದರೆ ಒಂದಾಗಿ ಹೊಸದಾಗಿ ಬರೆಯಲ್ಪಡುವವರೆಗೆ, ಆ ಹಳೆಯದು ಫಲಿತಾಂಶದಲ್ಲಿ ಕಾಣುವುದಿಲ್ಲ, ಎಣಿಕೆಯಲ್ಲಿ ಮಾತ್ರ ಇರುತ್ತದೆ. ಮೂಲ ಮತ್ತು ನಕಲು ಒಂದೇ ಹೊತ್ತಿಗೆ ಮರ್ಜ್ ಆಗಬೇಕೆಂದಿಲ್ಲ.

ಅಪರೂಪದ ಪದಕ್ಕೆ ಜಾಸ್ತಿ ತೂಕ ಕೊಡಬೇಕು ಎಂಬುದು ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದ ವಿಚಾರ. ಇವತ್ತು ಸ್ಕೋರ್ ಲೆಕ್ಕ ಹಾಕುವ ಬಿಎಂ25 ಎಂಬ ಸೂತ್ರದಲ್ಲೂ ಅದೇ ಇದೆ. ಶಾರ್ಡ್‌ನಲ್ಲಿ 1000 ಪುಸ್ತಕ, "ಕೆರೆ" 10ರಲ್ಲಿ. ಪದದ ತೂಕ 4.56. ಅಳಿಸಿದ 10 ಇನ್ನೂ ಉಳಿದಿದ್ದರೆ 1010ರಲ್ಲಿ 20. ತೂಕ 3.90ಕ್ಕೆ ಇಳಿಯಿತು! "ಇತಿಹಾಸ"ದ ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ತಕ್ಕಡಿ ಆ ಕಡೆ ವಾಲುತ್ತದೆ. ಇತಿಹಾಸದ ಬೇರೊಂದು ಪುಸ್ತಕ ಮೇಲೆ ಬರುವುದು ಹೀಗೆ.

ಪರಿಹಾರ ಸರಳ. ಸರ್ಚ್ ಕಳಿಸುವಾಗ "ಪ್ರಿಫರೆನ್ಸ್" ಎಂಬ ಜಾಗದಲ್ಲಿ ಬಳಕೆದಾರರ ಸೆಷನ್ ಐಡಿ, ಅಂದರೆ ಆ ಭೇಟಿಯ ಗುರುತು, ಕೊಡಿ. ಆ ಐಡಿ ಅಂಡರ್‌ಸ್ಕೋರ್‌ನಿಂದ ಶುರುವಾಗಬಾರದು, ಅಷ್ಟೇ. ಆಗ ಅವರ ಸರ್ಚ್ ಸಾಮಾನ್ಯವಾಗಿ ಅದೇ ಪ್ರತಿಗಳಿಗೆ ಹೋಗುತ್ತದೆ.

ಸುಮಾರು ಜನ ಇದಕ್ಕೂ "ಡಿಎಫ್‌ಎಸ್ ಕ್ವೆರಿ ದೆನ್ ಫೆಚ್" ಎಂಬ ಸರ್ಚ್ ವಿಧಾನ ಹಾಕಿ ನೋಡುತ್ತಾರೆ. ಅದು ಬೇರೆ ತೊಂದರೆಗೆ. ಒಂದು ಶಾರ್ಡ್‌ಗೂ ಇನ್ನೊಂದಕ್ಕೂ ಪದದ ಎಣಿಕೆ ಬೇರೆ ಇದ್ದಾಗ, ಎಲ್ಲವನ್ನೂ ಒಟ್ಟುಗೂಡಿಸಿ ತೂಕ ಹಾಕುತ್ತದೆ. ಆದರೆ ಅಳಿಸಿದ ಸಾಲುಗಳು ಅದರ ಲೆಕ್ಕದಲ್ಲೂ ಇರುತ್ತವೆ. ಡೇಟಾ ಕಡಿಮೆ ಇದ್ದರೆ ಸುಮ್ನೆ ಒಂದೇ ಶಾರ್ಡ್ ಇಡಿ. ಎಲಾಸ್ಟಿಕ್‌ಸರ್ಚ್‌ನ 2019ರ 7.0 ಆವೃತ್ತಿಯಿಂದ ನಾವೇನೂ ಹೇಳದಿದ್ದರೆ ಸಿಗುವುದೂ ಒಂದೇ, ಅದಕ್ಕೂ ಮುಂಚೆ 5 ಇತ್ತು.

[ಪರದೆ: ಅದೇ ಸರ್ಚ್, ಸತತ ರಿಫ್ರೆಶ್.]

ಈಗ ನೋಡಿ. ಕೆರೆಗಳ ಪುಸ್ತಕ ಜಾಗ ಬಿಟ್ಟು ಕದಲುತ್ತಿಲ್ಲ. ಮಲ್ಲೇಶ್ವರದಲ್ಲಿ ಕೂತ ಇನ್ನೊಬ್ಬರಿಗೆ ಬೇರೆ ಕ್ರಮ ಕಾಣಬಹುದು. ಆದರೆ ಅವರ ಪರದೆಯಲ್ಲೂ ರಿಫ್ರೆಶ್ ಮಾಡಿದ ಮಾತ್ರಕ್ಕೆ ಅದು ಹೀಗೆ ಮೇಲೆ ಕೆಳಗೆ ಆಗುವುದಿಲ್ಲ.